ಬೇಸಿಗೆ ಶಿಬಿರದಿಂದ ಮಗು ಕಲಿತದ್ದೆಷ್ಟು? ಬಡ ಮಕ್ಕಳ ರಜಾ ಕಲಿಕೆಯ ಪರಿಣಾಮವನ್ನು ಅಳೆಯುವ ಕ್ರಮ

ಏಪ್ರಿಲ್ ಎರಡನೆಯ ವಾರದಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ರಜೆ ಬಿದ್ದರೆ ಮತ್ತೆ ಗಂಟೆ ಬಾರಿಸುವುದು ಮೇ ತಿಂಗಳ ಕೊನೆಗೆ. ಸುಮಾರು ಏಳು ವಾರಗಳ ಈ ಅವಧಿಯಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಾದ ಅರಿವು ಕೇಂದ್ರಗಳು, ಸ್ವಯಂಸೇವಾ ಸಂಸ್ಥೆಗಳು, ಯುವಕ ಸಂಘಗಳು, ಕೆಲವೆಡೆ ಶಾಲೆಯ ಶಿಕ್ಷಕರೇ ಮುಂದೆ ನಿಂತು ಮಕ್ಕಳಿಗೆ ಉಚಿತ ಶಿಬಿರಗಳನ್ನು ನಡೆಸುತ್ತಾರೆ. ಕೊನೆಯ ದಿನ ಹಾಡು, ನಾಟಕ, ಪ್ರಮಾಣಪತ್ರ ಎಲ್ಲವೂ ಆಗುತ್ತದೆ. ಎಷ್ಟು ಮಕ್ಕಳು ಬಂದರು ಎಂಬ ಅಂಕಿ ವರದಿಗೆ ಸೇರುತ್ತದೆ. ಆದರೆ ಈ ಶಿಬಿರ ನಡೆಯದೇ ಇದ್ದಿದ್ದರೆ ಇದೇ ಮಗು ಜೂನ್ ಮೊದಲ ವಾರದಲ್ಲಿ ಓದಿನಲ್ಲಿ ಎಲ್ಲಿರುತ್ತಿತ್ತು ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಅಪರೂಪ. ಪರಿಣಾಮವೆಂದರೆ ಶಿಬಿರಕ್ಕೆ ಬಂದ ಮಗುವಿನ ಸ್ಥಿತಿಗೂ, ಬಾರದೇ ಇದ್ದಿದ್ದರೆ ಆ ಮಗುವಿಗೆ ಒದಗುತ್ತಿದ್ದ ಸ್ಥಿತಿಗೂ ಇರುವ ಅಂತರ. ಎರಡನೆಯದನ್ನು ಯಾರೂ ಕಣ್ಣಾರೆ ನೋಡಲಾಗದು. ಅದನ್ನು ಊಹಿಸುವುದಕ್ಕೆ ನಂಬಬಹುದಾದ ದಾರಿ ಬೇಕು. ಈ ಲೇಖನದ ಹೆಚ್ಚಿನ ಭಾಗ ಆ ದಾರಿಯ ಕುರಿತಾಗಿದೆ.

ಮಾಪನ ದೊಡ್ಡ ಸಂಶೋಧನಾ ಸಂಸ್ಥೆಗಳ ಕೆಲಸವೆಂದು ಕೈಬಿಡಬೇಕಾಗಿಲ್ಲ. ಒಂದೆರಡು ತಾಲೂಕುಗಳಲ್ಲಿ ಶಿಬಿರ ನಡೆಸುವ ಸಣ್ಣ ತಂಡವೂ ಫೆಬ್ರುವರಿಯಲ್ಲಿ ಸಿದ್ಧತೆ ಆರಂಭಿಸಿದರೆ ಇಲ್ಲಿನ ಹೆಜ್ಜೆಗಳಲ್ಲಿ ಬಹುಪಾಲನ್ನು ನಡೆಸಬಹುದು. ಕೂಲಿಕಾರರ ಮಕ್ಕಳಿಗೆ ವರ್ಷಕ್ಕೊಮ್ಮೆ ಸಿಗುವ ಏಳು ವಾರಗಳನ್ನು ನಾವು ಪಡೆದುಕೊಳ್ಳುತ್ತಿರುವಾಗ, ಅವುಗಳಿಂದ ಅವರಿಗೆ ಏನು ದಕ್ಕಿತು ಎಂದು ತಿಳಿದುಕೊಳ್ಳುವುದು ಶಿಬಿರದ ಒಂದು ಭಾಗವೇ ಆಗಿರಬೇಕೆಂದು ನಾನು ನಂಬುತ್ತೇನೆ.

ಮೊದಲ ಹೆಜ್ಜೆ: ಪ್ರಶ್ನೆಯನ್ನು ಶಿಬಿರಕ್ಕೆ ಮೊದಲೇ ಬರೆದಿಡಿ

‘ಮಕ್ಕಳ ಸರ್ವಾಂಗೀಣ ಬೆಳವಣಿಗೆ’ ಎಂಬ ಗುರಿಯನ್ನು ಅಳೆಯಲಾಗದು. ‘4 ಮತ್ತು 5ನೇ ತರಗತಿಯಲ್ಲಿದ್ದೂ ಕನ್ನಡದ ಸರಳ ಪರಿಚ್ಛೇದವನ್ನು ಓದಲಾಗದ ಮಕ್ಕಳಲ್ಲಿ ಎಷ್ಟು ಮಂದಿ, ಐದು ವಾರಗಳ ಶಿಬಿರದ ಕಾರಣದಿಂದ, ಜೂನ್ ಎರಡನೆಯ ವಾರದ ಹೊತ್ತಿಗೆ ಅದನ್ನು ಓದಬಲ್ಲರು?’ ಎಂಬ ಪ್ರಶ್ನೆಯನ್ನು ಅಳೆಯಬಹುದು. ಇದರಲ್ಲಿ ಯಾವ ಮಕ್ಕಳು, ಯಾವ ಸಾಮರ್ಥ್ಯ, ಎಷ್ಟು ದಿನದ ಬೋಧನೆ, ಯಾವ ದಿನಾಂಕ ಎಂಬ ನಾಲ್ಕೂ ಇವೆ. ಇಂಥ ಒಂದು ಅಥವಾ ಎರಡು ಪ್ರಶ್ನೆಗಳನ್ನು ಮಾತ್ರ ಮುಖ್ಯವೆಂದು ಇಟ್ಟುಕೊಂಡು, ದಿನಾಂಕ ಹಾಕಿ, ತಂಡದವರೆಲ್ಲ ಸಹಿ ಮಾಡಿ ಕಡತದಲ್ಲಿಡಿ. ಹತ್ತು ವಿಷಯಗಳನ್ನು ಅಳೆದು ಕೊನೆಗೆ ಏರಿಕೆ ಕಂಡ ಎರಡನ್ನು ಮಾತ್ರ ವರದಿಯಲ್ಲಿ ಹಾಕುವ ಪ್ರಲೋಭನೆಯನ್ನು ತಡೆಯಲು ಈ ಒಂದು ಹಾಳೆಯೇ ಸಾಕು.

ಎರಡನೆಯ ಹೆಜ್ಜೆ: ಕಲಿಸುವುದಕ್ಕೆ ಹೊಂದುವ ಅಳತೆಗೋಲನ್ನು ಆರಿಸಿ

ನಮ್ಮ ದೇಶದಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು ಪ್ರಥಮ್ ಸಂಸ್ಥೆಯ ಬೆಂಬಲದಿಂದ 2005ರಲ್ಲಿ ಆರಂಭವಾದ, ಗ್ರಾಮೀಣ ಮಕ್ಕಳ ಓದು ಮತ್ತು ಲೆಕ್ಕವನ್ನು ಅಳೆಯುವ ಅಸರ್ ಸಮೀಕ್ಷೆಯ ಸಾಧನ. ಒಂದೊಂದೇ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಕ್ಷರ, ಪದ, 1ನೇ ತರಗತಿ ಮಟ್ಟದ ಪರಿಚ್ಛೇದ, 2ನೇ ತರಗತಿ ಮಟ್ಟದ ಕಥೆ ಇವುಗಳನ್ನು ಓದಿಸಿ, ಮಗು ಸಲೀಸಾಗಿ ತಲುಪಿದ ಮೇಲಿನ ಮಟ್ಟವನ್ನು ಗುರುತು ಹಾಕಲಾಗುತ್ತದೆ. ಗಣಿತದಲ್ಲಿ ಒಂದಂಕಿ, ಎರಡಂಕಿ ಸಂಖ್ಯೆಗಳ ಗುರುತು, ದಶಕ ಸಹಿತ ವ್ಯವಕಲನ, ಮೂರಂಕಿ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸುವುದು ಎಂಬ ಕ್ರಮವಿದೆ. ಒಂದು ಮಗುವಿಗೆ ಕೆಲವೇ ನಿಮಿಷ ಸಾಕು. ಬರೆಯಲು ಬಾರದ ಮಗುವೂ ತನಗೆ ಬಂದದ್ದನ್ನು ತೋರಿಸಬಹುದು. ಬರವಣಿಗೆಯ ಪ್ರಶ್ನೆಪತ್ರಿಕೆ ಕೊಟ್ಟರೆ ಅತ್ಯಂತ ಹಿಂದುಳಿದ ಮಕ್ಕಳೆಲ್ಲರೂ ಸೊನ್ನೆಯಲ್ಲಿ ಗುಂಪುಗೂಡುತ್ತಾರೆ; ಅವರಲ್ಲಿ ಯಾರು ಎಷ್ಟು ಮುಂದೆ ಬಂದರೆಂಬುದು ಕಾಣಿಸುವುದೇ ಇಲ್ಲ.

ಈ ಸಾಧನಕ್ಕೆ ಕನ್ನಡದ ಮಟ್ಟಿಗೆ ಒಂದು ಮಿತಿಯಿದೆ. ನಮ್ಮ ಲಿಪಿಯಲ್ಲಿ ‘ಅಕ್ಷರ’ ಮತ್ತು ‘ಪದ’ ಎಂಬ ಎರಡು ಮೆಟ್ಟಿಲುಗಳ ನಡುವೆ ಬಹಳ ದೂರವಿದೆ. ಮೂಲಾಕ್ಷರಗಳನ್ನು ಗುರುತಿಸುವ ಮಗು ಬಸವ, ಕಮಲ, ಮರ ಎಂಬ ಪದಗಳನ್ನು ಓದುತ್ತದೆ, ಆದರೆ ನವಿಲು, ಗೋಡೆ ಎಂದಾಗ ತಡವರಿಸುತ್ತದೆ. ಗುಣಿತಾಕ್ಷರ ಕೈಗೆ ಬಂದ ಮಗು ಒತ್ತಕ್ಷರದ ಮುಂದೆ ನಿಲ್ಲುತ್ತದೆ. ಒತ್ತಕ್ಷರದಲ್ಲೂ ಅಪ್ಪ, ಬೆಲ್ಲ ಎಂಬ ಸಜಾತೀಯ ಪದಗಳು ಮೊದಲು ಒಲಿಯುತ್ತವೆ. ಚಂದ್ರ, ಪುಸ್ತಕ ಎಂಬ ವಿಜಾತೀಯ ಪದಗಳಿಗೆ ಇನ್ನಷ್ಟು ಕಾಲ ಬೇಕು. ಐದು ವಾರಗಳಲ್ಲಿ ಒಂದು ಮಗು ಮೂಲಾಕ್ಷರದಿಂದ ಗುಣಿತಾಕ್ಷರಕ್ಕೆ ಬಂದರೆ ಅದು ನಿಜವಾದ ಕಲಿಕೆ, ಆದರೂ ಅಕ್ಷರವೂ ಬಾರದ ಮಟ್ಟ ಸೇರಿ ಐದು ಮಟ್ಟಗಳಿರುವ ಈ ಅಳತೆಯಲ್ಲಿ ಆ ಮಗು ಇದ್ದಲ್ಲೇ ಇದ್ದಂತೆ ಕಾಣಬಹುದು. ಆದ್ದರಿಂದ ಪದದ ಮಟ್ಟವನ್ನು ಗುಣಿತವಿಲ್ಲದ ಪದ, ಗುಣಿತಾಕ್ಷರದ ಪದ, ಸಜಾತೀಯ ಒತ್ತಕ್ಷರದ ಪದ, ವಿಜಾತೀಯ ಒತ್ತಕ್ಷರದ ಪದ ಎಂದು ನಾಲ್ಕಾಗಿ ಒಡೆದು, ಪ್ರತಿಯೊಂದಕ್ಕೂ ಐದೈದು ಪದಗಳನ್ನು ಕೊಟ್ಟು, ಐದರಲ್ಲಿ ನಾಲ್ಕು ಸರಿಯಾದರೆ ಆ ಮೆಟ್ಟಿಲು ದಾಟಿದಂತೆ ಎಂದು ಇಟ್ಟುಕೊಳ್ಳುವುದು ಒಳ್ಳೆಯದು. ಕಥೆ ಓದಿದ ಮಗುವಿಗೆ ಎರಡು ಪ್ರಶ್ನೆ ಕೇಳಿ ಅರ್ಥವಾಗಿದೆಯೇ ಎಂದೂ ನೋಡಿ. ಅರ್ಥವಿಲ್ಲದೆ ಸರಾಗವಾಗಿ ಓದುವ ಮಕ್ಕಳು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು. ಮನೆಯಲ್ಲಿ ಲಂಬಾಣಿ, ಉರ್ದು, ತೆಲುಗು ಅಥವಾ ತುಳು ಮಾತಾಡುವ ಮಕ್ಕಳಿಗೆ ಸೂಚನೆಗಳನ್ನು ಅವರ ಮನೆಮಾತಿನಲ್ಲೇ ಹೇಳಬೇಕು, ಓದಿಸುವ ಪಠ್ಯ ಮಾತ್ರ ಕನ್ನಡದಲ್ಲಿರಲಿ. ಇಲ್ಲವಾದರೆ ಓದಿನ ಬದಲು ಸೂಚನೆ ಅರ್ಥವಾಗುವುದನ್ನೇ ಅಳೆದಂತಾಗುತ್ತದೆ.

ಆರಂಭಕ್ಕೂ ಅಂತ್ಯಕ್ಕೂ ಒಂದೇ ಕಷ್ಟಮಟ್ಟದ, ಆದರೆ ಬೇರೆ ಬೇರೆ ಪದ ಮತ್ತು ಕಥೆಗಳಿರುವ ಎರಡು ಹಾಳೆಗಳು ಬೇಕು. ಇದು ಸಣ್ಣ ವಿಷಯವಲ್ಲ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ 1982ರಲ್ಲಿ ಒಂದನೆಯ ತರಗತಿಗೆ ಸೇರಿದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಸಮಾಜಶಾಸ್ತ್ರಜ್ಞರಾದ ಕಾರ್ಲ್ ಅಲೆಕ್ಸಾಂಡರ್ ಮತ್ತು ಡೋರಿಸ್ ಎಂಟ್‌ವಿಸ್ಲ್ ಅವರ ಅಧ್ಯಯನ, ಬಡ ಮತ್ತು ಸ್ಥಿತಿವಂತ ಮಕ್ಕಳ ಕಲಿಕೆಯ ಅಂತರ ಮುಖ್ಯವಾಗಿ ಬೇಸಿಗೆ ರಜೆಗಳಲ್ಲೇ ಹಿಗ್ಗುತ್ತದೆ ಎಂದು ಹೇಳಿ ಜಗತ್ತಿನಾದ್ಯಂತ ಪ್ರಸಿದ್ಧವಾಯಿತು. 2019ರಲ್ಲಿ ಪಾಲ್ ವಾನ್ ಹಿಪ್ಪೆಲ್ ಮತ್ತು ಕೇಟ್ಲಿನ್ ಹ್ಯಾಮ್ರಾಕ್ ಹಳೆಯ ಮತ್ತು ಹೊಸ ಪರೀಕ್ಷೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ, ಅಂತರ ಹಿಗ್ಗುತ್ತದೆಯೇ ಇಲ್ಲವೇ ಎಂಬುದು ಬಹುಮಟ್ಟಿಗೆ ಮಕ್ಕಳ ಉತ್ತರಗಳನ್ನು ಅಂಕಗಳಾಗಿ ಲೆಕ್ಕ ಹಾಕಿದ ವಿಧಾನವನ್ನೇ ಅವಲಂಬಿಸಿದೆ ಎಂದು ಕಂಡರು. ಅಷ್ಟು ದೊಡ್ಡ ಅಧ್ಯಯನವೇ ಅಳತೆಗೋಲಿನ ಕಾರಣಕ್ಕೆ ಪ್ರಶ್ನೆಗೊಳಗಾಯಿತೆಂದರೆ, ಏಪ್ರಿಲ್‌ನಲ್ಲಿ ಕಷ್ಟದ ಹಾಳೆ, ಮೇ ತಿಂಗಳಲ್ಲಿ ಸುಲಭದ ಹಾಳೆ ಕೊಟ್ಟ ಶಿಬಿರದ ‘ಪ್ರಗತಿ’ಗೆ ಏನು ಅರ್ಥ ಉಳಿಯುತ್ತದೆ? ಸುರಕ್ಷಿತ ಉಪಾಯವೆಂದರೆ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಮೊದಲು ‘ಅ’ ಹಾಳೆ, ಕೊನೆಗೆ ‘ಆ’ ಹಾಳೆ. ಉಳಿದ ಅರ್ಧಕ್ಕೆ ಇದಕ್ಕೆ ತಿರುಗಾಮುರುಗಾ. ಆಗ ಒಂದು ಹಾಳೆ ಸ್ವಲ್ಪ ಸುಲಭವಾಗಿದ್ದರೂ ಅದರ ಪ್ರಭಾವ ಸರಿದೂಗುತ್ತದೆ.

ಶಿಬಿರದಲ್ಲಿ ಕಲಿಸಿದ ಕಥೆಯನ್ನೇ ಕೊನೆಯ ಪರೀಕ್ಷೆಯಲ್ಲಿ ಓದಿಸಬೇಡಿ.

ಮೂರನೆಯ ಹೆಜ್ಜೆ: ಹೋಲಿಕೆಯ ಮಕ್ಕಳನ್ನು ಹುಡುಕಿ

ಶಿಬಿರಕ್ಕೆ ಮೊದಲು ಮತ್ತು ಅನಂತರ ಅದೇ ಮಕ್ಕಳನ್ನು ಪರೀಕ್ಷಿಸಿ ವ್ಯತ್ಯಾಸವನ್ನು ಪರಿಣಾಮವೆಂದು ಕರೆಯುವುದು ರೂಢಿ. ಇದು ಎರಡೂ ಕಡೆಗೆ ದಾರಿ ತಪ್ಪಿಸುತ್ತದೆ. ಅತಿ ಕಡಿಮೆ ಅಂಕ ಪಡೆದ ಮಕ್ಕಳನ್ನೇ ಆರಿಸಿ ಶಿಬಿರಕ್ಕೆ ಸೇರಿಸಿದರೆ, ಅವರಲ್ಲಿ ಕೆಲವರು ಮೊದಲ ಪರೀಕ್ಷೆಯ ದಿನ ಹಸಿದಿದ್ದರೆಂದೋ ಹೆದರಿದ್ದರೆಂದೋ ಕಡಿಮೆ ಅಂಕ ಪಡೆದಿರುತ್ತಾರೆ; ಅಂಥವರು ಏನೂ ಕಲಿಸದಿದ್ದರೂ ಎರಡನೆಯ ಸಲ ಮೇಲೇರುತ್ತಾರೆ. ಇನ್ನೊಂದು ಕಡೆ, ರಜೆಯಲ್ಲಿ ಮಕ್ಕಳು ಕಲಿತದ್ದನ್ನು ಮರೆಯುವುದೂ ಉಂಟು. ಶಾಲೆಗಳು ಬಹುಕಾಲ ಮುಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಕೊರೊನಾ ಕಾಲದ ಪುರಾವೆ ನಮ್ಮ ಮುಂದಿದೆ: ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ 44 ಜಿಲ್ಲೆಗಳ 16,067 ಮಕ್ಕಳ ಕುರಿತು ನಡೆಸಿದ ಅಧ್ಯಯನದಲ್ಲಿ, ಶೇ. 92ರಷ್ಟು ಮಕ್ಕಳು ಹಿಂದಿನ ವರ್ಷ ತಮಗಿದ್ದ ಕನಿಷ್ಠ ಒಂದು ಭಾಷಾ ಸಾಮರ್ಥ್ಯವನ್ನೂ ಶೇ. 82ರಷ್ಟು ಮಕ್ಕಳು ಕನಿಷ್ಠ ಒಂದು ಗಣಿತ ಸಾಮರ್ಥ್ಯವನ್ನೂ ಕಳೆದುಕೊಂಡಿದ್ದರು. ಏಳು ವಾರಗಳ ರಜೆ ಅಷ್ಟು ದೀರ್ಘವಲ್ಲ. ಆದರೂ ಶಿಬಿರವಿಲ್ಲದ ಮಕ್ಕಳು ಒಂದು ಮೆಟ್ಟಿಲು ಕೆಳಗಿಳಿದು, ಶಿಬಿರದ ಮಕ್ಕಳು ಇದ್ದಲ್ಲೇ ಉಳಿದರೆ ಶಿಬಿರಕ್ಕೆ ಒಳ್ಳೆಯ ಪರಿಣಾಮವಿದೆ ಎಂದೇ ಅರ್ಥ; ಮೊದಲು ಮತ್ತು ಅನಂತರದ ಲೆಕ್ಕವೊಂದನ್ನೇ ಹಿಡಿದವರು ಅಂಥ ಶಿಬಿರವನ್ನು ವಿಫಲವೆಂದು ಮುಚ್ಚಿಬಿಟ್ಟಾರು.

ಹೋಲಿಕೆಗೆ ಅತ್ಯುತ್ತಮ ದಾರಿ ಚೀಟಿ ಎತ್ತುವುದು. ಇದು ಕ್ರೂರವೆಂದು ಹಲವರಿಗೆ ಅನ್ನಿಸುತ್ತದೆ, ಆ ಸಂಕಟ ನನಗೂ ಅರ್ಥವಾಗುತ್ತದೆ. ಆದರೆ ಬಂದ ಮಕ್ಕಳೆಲ್ಲರಿಗೂ ಜಾಗವಿದ್ದರೆ ಚೀಟಿಯ ಮಾತೇ ಇಲ್ಲ. 60 ಮಕ್ಕಳಿಗೆ ಜಾಗವಿದ್ದು 120 ಮಂದಿ ಹೆಸರು ಬರೆಸಿದಾಗ ಯಾರನ್ನೋ ಬಿಡಲೇಬೇಕು. ಆಗ ಪರಿಚಯದವರ, ಮೊದಲು ಬಂದವರ, ಜೋರು ಮಾತಿನವರ ಮಕ್ಕಳನ್ನು ಸೇರಿಸುವುದಕ್ಕಿಂತ ಎಲ್ಲರ ಎದುರು ಚೀಟಿ ಎತ್ತುವುದು ಹೆಚ್ಚು ನ್ಯಾಯ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು, ಮುಖ್ಯ ಶಿಕ್ಷಕರು ಮತ್ತು ಪೋಷಕರು ಇರುವ ಸಭೆಯಲ್ಲಿ ಒಂದು ಮಗುವಿನ ಕೈಯಿಂದಲೇ ಎತ್ತಿಸಿ. ಒಂದೇ ಮನೆಯ ಅಣ್ಣತಮ್ಮಂದಿರ, ಅಕ್ಕತಂಗಿಯರ ಹೆಸರುಗಳನ್ನು ಒಂದೇ ಚೀಟಿಯಲ್ಲಿ ಬರೆಯಿರಿ. ಜಾಗ ಸಿಗದವರಿಗೆ ದಸರಾ ರಜೆಯಲ್ಲೋ ಮುಂದಿನ ಬೇಸಿಗೆಯಲ್ಲೋ ಮೊದಲ ಅವಕಾಶವೆಂದು ಬರೆದುಕೊಟ್ಟು, ಆ ಮಾತನ್ನು ಉಳಿಸಿಕೊಳ್ಳಿ.

ಒಂದೇ ಊರಿನಲ್ಲಿ ಕೆಲವರನ್ನು ಸೇರಿಸಿ ಕೆಲವರನ್ನು ಬಿಡುವುದು ಕಷ್ಟವಾದರೆ ಊರುಗಳ ಮಟ್ಟದಲ್ಲಿ ಚೀಟಿ ಎತ್ತಬಹುದು. 2008ರಲ್ಲಿ ಬಿಹಾರದಲ್ಲಿ ಪ್ರಥಮ್ ವಿಧಾನದಿಂದ, ಸರ್ಕಾರಿ ಶಾಲೆಯ ಶಿಕ್ಷಕರೇ ಕಲಿಸಿದ ಒಂದು ತಿಂಗಳ ಬೇಸಿಗೆ ಶಿಬಿರಗಳನ್ನು ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ದುಫ್ಲೊ ಮತ್ತಿತರರ ತಂಡ ಇದೇ ರೀತಿ ಚೀಟಿಯಾಧಾರಿತ ಹೋಲಿಕೆಯಿಂದ ಪರಿಶೀಲಿಸಿತು. ಮಕ್ಕಳ ಓದಿನಲ್ಲಿ ಸ್ಪಷ್ಟ ಏರಿಕೆ ಕಂಡುಬಂದಿತು; ಸರ್ಕಾರಿ ಶಿಕ್ಷಕರು ಕಲಿಸುವುದಿಲ್ಲ ಎಂಬ ಸಾಮಾನ್ಯ ದೂರಿಗೆ ಅದು ಗಟ್ಟಿಯಾದ ಉತ್ತರವೂ ಆಯಿತು. ಮೊದಲು ಮತ್ತು ಅನಂತರದ ಅಂಕಗಳಷ್ಟೇ ಇದ್ದಿದ್ದರೆ ಆ ಉತ್ತರಕ್ಕೆ ಬಲ ಬರುತ್ತಿರಲಿಲ್ಲ.

ಚೀಟಿ ಸಾಧ್ಯವೇ ಆಗದಿದ್ದರೆ ಪಕ್ಕದ ಊರಿನ, ಅದೇ ತರಗತಿಯ, ಆರಂಭದ ಪರೀಕ್ಷೆಯಲ್ಲಿ ಅದೇ ಮೆಟ್ಟಿಲಿನಲ್ಲಿದ್ದ ಮಕ್ಕಳನ್ನು ಜೋಡಿ ಮಾಡಿಕೊಳ್ಳಿ. ತಂದೆತಾಯಿಯ ಕೂಲಿ, ತಾಯಿಯ ಓದು, ಮನೆಮಾತು ಇವೂ ಆದಷ್ಟು ಹೊಂದಲಿ. ಈ ದಾರಿಯಲ್ಲಿ ಒಂದು ಅನುಮಾನ ಕೊನೆಯವರೆಗೂ ಉಳಿಯುತ್ತದೆ: ಮಗುವನ್ನು ಶಿಬಿರಕ್ಕೆ ತಾವಾಗಿ ಕಳಿಸಿದ ಪೋಷಕರು, ಶಿಬಿರವಿಲ್ಲದಿದ್ದರೂ ಮಗುವಿನ ಓದಿಗೆ ಬೇರೇನಾದರೂ ಮಾಡುತ್ತಿದ್ದರು. ವರದಿಯಲ್ಲಿ ಅದನ್ನು ಒಪ್ಪಿಕೊಂಡು ಬರೆಯಬೇಕು.

ಎಷ್ಟು ಮಕ್ಕಳು ಬೇಕು?

ಇಲ್ಲಿ ಸ್ವಲ್ಪ ಲೆಕ್ಕ ಅನಿವಾರ್ಯ. ಮಕ್ಕಳ ಅಂಕಗಳು ಸರಾಸರಿಯ ಸುತ್ತ ಎಷ್ಟು ಹರಡಿಕೊಂಡಿವೆ ಎಂಬುದನ್ನು ಹೇಳುವ ಅಳತೆಗೆ ಮಾನಕ ವಿಚಲನೆ ಎನ್ನುತ್ತಾರೆ. ನೀವು ಪತ್ತೆ ಹಚ್ಚಬೇಕೆಂದಿರುವ ಪರಿಣಾಮ ಮಾನಕ ವಿಚಲನೆಯ ಎಷ್ಟು ಭಾಗ ಎಂದು ಊಹಿಸಿ, ಆ ಭಾಗದ ವರ್ಗದಿಂದ 16ನ್ನು ಭಾಗಿಸಿದರೆ ಒಂದೊಂದು ಗುಂಪಿನಲ್ಲಿ ಸುಮಾರು ಎಷ್ಟು ಮಕ್ಕಳು ಬೇಕೆಂದು ತಿಳಿಯುತ್ತದೆ. ಪರಿಣಾಮ 0.4ರಷ್ಟಿದ್ದರೆ ಗುಂಪಿಗೆ 100 ಮಕ್ಕಳು, 0.2ರಷ್ಟಿದ್ದರೆ 400. ಆರಂಭದ ಪರೀಕ್ಷೆಯ ಅಂಕ ಕೈಯಲ್ಲಿದ್ದು, ಅದು ಕೊನೆಯ ಅಂಕದೊಂದಿಗೆ 0.7ರಷ್ಟು ಸಹಸಂಬಂಧ (ಎರಡು ಅಂಕಗಳು ಜೊತೆಜೊತೆಯಾಗಿ ಏರಿಳಿಯುವ ಪ್ರಮಾಣ; 1 ಎಂದರೆ ಪೂರ್ಣ) ಹೊಂದಿದ್ದರೆ ಈ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಆರಂಭದ ಪರೀಕ್ಷೆಯನ್ನು ಬಿಡಬಾರದೆನ್ನುವುದಕ್ಕೆ ಇದೂ ಒಂದು ಕಾರಣ. ಆದರೆ ಚೀಟಿಯನ್ನು ಊರಿನ ಮಟ್ಟದಲ್ಲಿ ಎತ್ತಿದ್ದರೆ ಒಂದೇ ಊರಿನ ಮಕ್ಕಳು ಒಬ್ಬರನ್ನೊಬ್ಬರು ಹೋಲುವುದರಿಂದ ಬೇಕಾಗುವ ಸಂಖ್ಯೆ ಹಲವು ಪಟ್ಟು ಏರುತ್ತದೆ. ಆಗ ನಾಲ್ಕು ಊರುಗಳಲ್ಲಿ ನೂರು ನೂರು ಮಕ್ಕಳಿಗಿಂತ ನಲವತ್ತು ಊರುಗಳಲ್ಲಿ ಹತ್ತು ಹತ್ತು ಮಕ್ಕಳು ಎಷ್ಟೋ ಮೇಲು.

ಮೂವತ್ತು ಮಕ್ಕಳ ಒಂದೇ ಶಿಬಿರ ನಡೆಸುವವರು ಅಂಕಿಗಳಿಂದ ಪರಿಣಾಮ ಸಾಬೀತುಪಡಿಸಲು ಹೊರಡದಿರುವುದೇ ಉತ್ತಮ. ಅವರು ಪ್ರತಿ ಮಗುವಿನ ಮೆಟ್ಟಿಲನ್ನು ವಾರವಾರ ದಾಖಲಿಸಿ ಬೋಧನೆಯನ್ನು ತಿದ್ದಿಕೊಳ್ಳಲಿ, ಅಥವಾ ತಾಲೂಕಿನ ಇನ್ನಿತರ ಶಿಬಿರಗಳೊಂದಿಗೆ ಒಂದೇ ಅಳತೆಗೋಲು ಬಳಸಿ ಅಂಕಿಗಳನ್ನು ಒಟ್ಟುಗೂಡಿಸಲಿ.

ನಾಲ್ಕನೆಯ ಹೆಜ್ಜೆ: ಪರೀಕ್ಷೆಯ ದಿನ, ಹೊತ್ತು ಮತ್ತು ಪರೀಕ್ಷಕರು

ಆರಂಭದ ಪರೀಕ್ಷೆ ಚೀಟಿ ಎತ್ತುವ ಮೊದಲೇ, ಶಾಲೆ ಮುಚ್ಚುವ ಮುನ್ನ ನಡೆಯಬೇಕು. ಆಗ ಮಕ್ಕಳೆಲ್ಲ ಒಂದೆಡೆ ಸಿಗುತ್ತಾರೆ ಮತ್ತು ಯಾರು ಶಿಬಿರಕ್ಕೆ ಸೇರುತ್ತಾರೆಂಬುದು ಪರೀಕ್ಷಕರಿಗೂ ತಿಳಿದಿರುವುದಿಲ್ಲ. ಕೊನೆಯ ಪರೀಕ್ಷೆಯನ್ನು ಶಿಬಿರದ ಸಮಾರೋಪದ ದಿನ ಮಾಡಬೇಡಿ. ಹೋಲಿಕೆಯ ಮಕ್ಕಳು ಅಲ್ಲಿರುವುದಿಲ್ಲ, ಶಿಬಿರದ ಮಕ್ಕಳ ಮನಸ್ಸೆಲ್ಲ ನಾಟಕದ ಮೇಲಿರುತ್ತದೆ. ಶಾಲೆ ಮರಳಿ ತೆರೆದ ಮೊದಲ ಹತ್ತು ದಿನಗಳು ಅನುಕೂಲ. ಆದರೆ ಆ ಹೊತ್ತಿಗೇ ಶಾಲೆಗಳಲ್ಲಿ ಸೇತುಬಂಧ ಆರಂಭವಾಗುತ್ತದೆ. ಹಿಂದಿನ ತರಗತಿಯ ಕಲಿಕೆಯನ್ನು ಪೂರ್ವ ಪರೀಕ್ಷೆಯಿಂದ ಗುರುತಿಸಿ, ಪರಿಹಾರ ಬೋಧನೆ ಮಾಡಿ, ಸಾಫಲ್ಯ ಪರೀಕ್ಷೆ ನಡೆಸುವ ಕ್ರಮವದು. ಸೇತುಬಂಧ ಮುಗಿದ ಮೇಲೆ ಅಳೆದರೆ ಹಿಂದುಳಿದಿದ್ದ ಹೋಲಿಕೆಯ ಮಕ್ಕಳಲ್ಲಿ ಕೆಲವರು ಮೇಲೆ ಬಂದಿರುತ್ತಾರೆ ಮತ್ತು ಶಿಬಿರದ ಪರಿಣಾಮ ಕುಗ್ಗಿದಂತೆ ಕಾಣುತ್ತದೆ. ಎರಡೂ ಉಪಯುಕ್ತ ಮಾಹಿತಿಯೇ, ಆದರೆ ಅವು ಬೇರೆ ಬೇರೆ ಪ್ರಶ್ನೆಗಳ ಉತ್ತರ. ಸಾಧ್ಯವಾದರೆ ಜೂನ್ ಮೊದಲ ವಾರ ಒಮ್ಮೆ, ಡಿಸೆಂಬರ್‌ನಲ್ಲಿ ಇನ್ನೊಮ್ಮೆ ಅಳೆಯಿರಿ. ಆರು ತಿಂಗಳ ನಂತರವೂ ಉಳಿದ ಕಲಿಕೆಯೇ ಮಗುವಿಗೆ ದಕ್ಕಿದ ಕಲಿಕೆ.

ಹೊತ್ತಿನ ವಿಷಯದಲ್ಲೂ ಎಚ್ಚರ ಬೇಕು. ಕಲಬುರಗಿ, ರಾಯಚೂರು, ವಿಜಯಪುರದ ಕಡೆ ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಸರ್ಕಾರಿ ಕಚೇರಿಗಳೇ ಬೆಳಗಿನ ಹೊತ್ತಿಗೆ ಬದಲಾಗುತ್ತವೆ. ಶಿಬಿರದ ಮಕ್ಕಳನ್ನು ಬೆಳಿಗ್ಗೆ ಎಂಟಕ್ಕೆ, ಹೋಲಿಕೆಯ ಮಕ್ಕಳನ್ನು ತಗಡಿನ ಮಾಡಿನ ಕೆಳಗೆ ಮಧ್ಯಾಹ್ನ ಎರಡಕ್ಕೆ ಪರೀಕ್ಷಿಸಿದರೆ ಬಿಸಿಲಿನ ಪರಿಣಾಮವೇ ಶಿಬಿರದ ಪರಿಣಾಮವಾಗಿ ದಾಖಲಾಗುತ್ತದೆ. ಎರಡೂ ಗುಂಪಿಗೆ ಒಂದೇ ಹೊತ್ತು ಇರಲಿ, ಮಗು ಏನಾದರೂ ತಿಂದ ಮೇಲೆ ಕೂರಿಸಿ. ಶಿಬಿರದಲ್ಲಿ ಊಟ ಕೊಡುತ್ತಿದ್ದರೆ ಅದನ್ನೂ ದಾಖಲಿಸಿ. ಶಾಲೆಯ ಬಿಸಿಯೂಟ ರಜೆಯಲ್ಲಿ ನಿಲ್ಲುವ ಊರಿನಲ್ಲಿ ಆ ಊಟವೇ ಹಾಜರಾತಿಯ ಮುಖ್ಯ ಕಾರಣವಾಗಿರಬಹುದು.

ಶಿಬಿರದಲ್ಲಿ ಕಲಿಸಿದವರು ಕೊನೆಯ ಪರೀಕ್ಷೆ ನಡೆಸಬಾರದು. ತಾವು ಕಲಿಸಿದ ಮಗು ತಡವರಿಸಿದಾಗ ತುಟಿ ಅಲ್ಲಾಡಿಸದೆ ಕೂರುವುದು ಪ್ರೀತಿಯುಳ್ಳ ಯಾವ ಶಿಕ್ಷಕರಿಗೂ ಸುಲಭವಲ್ಲ. ಹತ್ತಿರದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಾದ ಡಯಟ್‌ನ ಅಥವಾ ಬಿ.ಎಡ್. ಕಾಲೇಜಿನ ವಿದ್ಯಾರ್ಥಿಗಳನ್ನು ಎರಡು ದಿನ ತರಬೇತುಗೊಳಿಸಿ, ಯಾವ ಮಗು ಯಾವ ಗುಂಪಿನದು ಎಂದು ಹೇಳದೆ ಕಳಿಸಿ. ತರಬೇತಿಯ ಕೊನೆಗೆ ಇಬ್ಬಿಬ್ಬರು ಒಂದೇ ಮಗುವಿನ ಓದನ್ನು ಕೇಳಿ ಬೇರೆ ಬೇರೆಯಾಗಿ ಮಟ್ಟ ಬರೆಯಲಿ. ಹತ್ತರಲ್ಲಿ ಒಂಬತ್ತು ಸಲ ಹೊಂದುವವರೆಗೆ ಅಭ್ಯಾಸ ಮುಂದುವರಿಯಲಿ.

ಐದನೆಯ ಹೆಜ್ಜೆ: ಹಾಜರಾತಿಯನ್ನು ದಿನದಿನವೂ ಬರೆಯಿರಿ

ಬೇಸಿಗೆ ಕಲಿಕೆಯ ಕುರಿತ ದೊಡ್ಡ ಚೀಟಿಯಾಧಾರಿತ ಅಧ್ಯಯನಗಳಲ್ಲಿ ಒಂದು ಅಮೆರಿಕದ್ದು. ವಾಲೆಸ್ ಫೌಂಡೇಶನ್ ಎಂಬ ದತ್ತಿ ಸಂಸ್ಥೆ 2011ರಲ್ಲಿ ಆರಂಭಿಸಿದ ಆ ಯೋಜನೆಯಡಿ ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆ ಬಾಸ್ಟನ್, ಡಲ್ಲಾಸ್, ಡುವಾಲ್ ಕೌಂಟಿ, ಪಿಟ್ಸ್‌ಬರ್ಗ್ ಮತ್ತು ರೋಚೆಸ್ಟರ್ ಎಂಬ ಐದು ಶಾಲಾ ಜಿಲ್ಲೆಗಳಲ್ಲಿ, ಹೆಚ್ಚಾಗಿ ಬಡ ಕುಟುಂಬಗಳ, ಆಗಷ್ಟೇ ಮೂರನೆಯ ತರಗತಿ ಮುಗಿಸಿದ 5,600ಕ್ಕೂ ಹೆಚ್ಚು ಮಕ್ಕಳನ್ನು 2013ರಲ್ಲಿ ಚೀಟಿಯ ಮೂಲಕ ಎರಡು ಗುಂಪು ಮಾಡಿತು. ಶಿಬಿರ ಉಚಿತ, ಪೂರ್ಣ ದಿನದ್ದು, ಕನಿಷ್ಠ ಐದು ವಾರಗಳದ್ದು. ಆದರೂ ಅವಕಾಶ ಸಿಕ್ಕ ಮಕ್ಕಳಲ್ಲಿ ಸುಮಾರು ಐದರಲ್ಲಿ ಒಬ್ಬರು ಮೊದಲ ಬೇಸಿಗೆಯಲ್ಲಿ ಒಂದು ದಿನವೂ ಬರಲಿಲ್ಲ. ಆ ಬೇಸಿಗೆಯ ನಂತರ ಗಣಿತದಲ್ಲಿ ಏರಿಕೆ ಕಂಡಿತು, ಓದಿನಲ್ಲಿ ಕಾಣಲಿಲ್ಲ. 20 ದಿನ ಅಥವಾ ಅದಕ್ಕಿಂತ ಹೆಚ್ಚು ಬಂದ ಮಕ್ಕಳಲ್ಲಿ ಲಾಭ ಹೆಚ್ಚಾಗಿತ್ತು. ದಿನದ ಹಾಜರಾತಿ ದಾಖಲೆ ಇಲ್ಲದಿದ್ದರೆ ಈ ಕೊನೆಯ ಮಾತು ಹೊರಬರುತ್ತಲೇ ಇರಲಿಲ್ಲ.

ನಮ್ಮಲ್ಲಿ ಗೈರುಹಾಜರಿಯ ಕಾರಣಗಳೇ ಬೇರೆ. ಅಜ್ಜಿಯ ಊರಿಗೆ ಹೋಗುವುದು, ಜಾತ್ರೆ, ಮದುವೆ, ತಂಗಿಯನ್ನು ನೋಡಿಕೊಳ್ಳಲು ಮನೆಯಲ್ಲಿ ನಿಲ್ಲುವುದು, ಇಟ್ಟಿಗೆ ಗೂಡಿನ ಕೆಲಸ, ಎಲ್ಲಕ್ಕಿಂತ ಮಿಗಿಲಾಗಿ ಕಲ್ಯಾಣ ಕರ್ನಾಟಕದ ಕುಟುಂಬಗಳು ಬೆಂಗಳೂರು, ಗೋವಾ, ಮುಂಬೈಗಳಿಗೆ ಗುಳೆ ಹೋಗುವುದು. ಪ್ರತಿ ಮಗುವಿಗೆ ಬಂದ ದಿನ, ಬಂದ ಹೊತ್ತು, ಹೋದ ಹೊತ್ತು ಮತ್ತು ಬಾರದಿದ್ದರೆ ಕಾರಣ ಎಂಬ ನಾಲ್ಕು ಕಲಂ ಇರುವ ಪುಸ್ತಕ ಸಾಕು. ವೇಳಾಪಟ್ಟಿಯಲ್ಲಿ ಓದಿಗೆ ಎರಡು ಗಂಟೆ ಎಂದಿದ್ದರೂ ನಿಜವಾಗಿ ಓದು ನಡೆದದ್ದು ಎಷ್ಟು ನಿಮಿಷ ಎಂಬುದನ್ನು ವಾರಕ್ಕೊಮ್ಮೆ ಹೊರಗಿನವರೊಬ್ಬರು ಕೂತು ನೋಡಿ ಬರೆಯಲಿ. ಪರಿಣಾಮ ಸೊನ್ನೆ ಬಂದಾಗ, ವಿಧಾನವೇ ಫಲ ಕೊಡಲಿಲ್ಲವೇ ಅಥವಾ ಮಕ್ಕಳಿಗೆ ಅದು ತಲುಪಲೇ ಇಲ್ಲವೇ ಎಂಬುದನ್ನು ಈ ದಾಖಲೆಯೊಂದೇ ಹೇಳಬಲ್ಲದು.

ಆರನೆಯ ಹೆಜ್ಜೆ: ಲೆಕ್ಕ ಹಾಕುವುದು

ಒಂದು ಕಲ್ಪಿತ ಉದಾಹರಣೆ ನೋಡೋಣ. 120 ಮಕ್ಕಳು ಹೆಸರು ಬರೆಸಿದರು. ಚೀಟಿಯಿಂದ 60 ಮಂದಿ ಶಿಬಿರಕ್ಕೆ, 60 ಮಂದಿ ಕಾಯುವ ಪಟ್ಟಿಗೆ. ಆರಂಭದಲ್ಲಿ ಎರಡೂ ಗುಂಪಿನಲ್ಲಿ ಪರಿಚ್ಛೇದ ಓದಬಲ್ಲವರು ತಲಾ 15 ಮಂದಿ, ಅಂದರೆ ಶೇ. 25. ಜೂನ್‌ನಲ್ಲಿ ಶಿಬಿರದ ಗುಂಪಿನಲ್ಲಿ 30 ಮಂದಿ, ಅಂದರೆ ಶೇ. 50, ಕಾಯುವ ಪಟ್ಟಿಯಲ್ಲಿ 18 ಮಂದಿ, ಅಂದರೆ ಶೇ. 30. ಶಿಬಿರದವರ ಏರಿಕೆ ಶೇಕಡಾ 25 ಅಂಶ. ಆದರೆ ಶಿಬಿರವಿಲ್ಲದೆಯೇ 5 ಅಂಶ ಏರಿದ್ದರಿಂದ ಶಿಬಿರದ ಪರಿಣಾಮ 20 ಅಂಶ ಮಾತ್ರ. ಮಕ್ಕಳ ಸಂಖ್ಯೆ ಕಡಿಮೆಯಿರುವುದರಿಂದ ಈ 20ರ ಸುತ್ತ ಎರಡೂ ಕಡೆ ಸುಮಾರು 17 ಅಂಶದ ಅನಿಶ್ಚಿತತೆಯಿದೆ: ನಿಜವಾದ ಪರಿಣಾಮ ಬರೀ 3 ಅಂಶವೂ ಇರಬಹುದು, 37 ಅಂಶವೂ ಇರಬಹುದು. ಈ ವ್ಯಾಪ್ತಿಯನ್ನು ವರದಿಯಲ್ಲಿ ಸರಾಸರಿಯ ಪಕ್ಕದಲ್ಲೇ ಬರೆಯಬೇಕು.

ಶಿಬಿರಕ್ಕೆ ಆಯ್ಕೆಯಾದ 60 ಮಂದಿಯಲ್ಲಿ 40 ಮಕ್ಕಳು ಮಾತ್ರ ಬಂದರು, ಉಳಿದ 20 ಮಂದಿ ಒಂದು ದಿನವೂ ಬರಲಿಲ್ಲ ಎಂದುಕೊಳ್ಳಿ. ಆ 40 ಮಂದಿಯನ್ನು ಮಾತ್ರ ಹಿಡಿದು ಕಾಯುವ ಪಟ್ಟಿಯ 60 ಮಂದಿಯೊಂದಿಗೆ ಹೋಲಿಸುವುದು ಅತಿ ಸಾಮಾನ್ಯವಾದ ಮತ್ತು ಅತಿ ಗಂಭೀರವಾದ ತಪ್ಪು. ಬಂದವರು ಸಹಜವಾಗಿಯೇ ಹೆಚ್ಚು ಸ್ಥಿರವಾದ ಮನೆಗಳ ಮಕ್ಕಳು. ಗುಳೆ ಹೋದವರು, ದುಡಿಯಲು ಹೋದವರು ಲೆಕ್ಕದಿಂದ ಜಾರಿಹೋಗುತ್ತಾರೆ. ಮೊದಲು 60 ಮಂದಿಯನ್ನೂ ಸೇರಿಸಿ 20 ಅಂಶವೆಂದೇ ಹೇಳಿ. ಅನಂತರ, ಕಾಯುವ ಪಟ್ಟಿಯವರು ಯಾರೂ ಶಿಬಿರಕ್ಕೆ ನುಸುಳಿಲ್ಲ ಮತ್ತು ಬಾರದವರಿಗೆ ಆಯ್ಕೆಯಾದದ್ದರಿಂದಲೇ ಏನೂ ಲಾಭವಾಗಿಲ್ಲ ಎಂಬುದು ಖಚಿತವಿದ್ದರೆ, 20ನ್ನು ಬಂದವರ ಪಾಲಾದ ಮೂರರಲ್ಲಿ ಎರಡರಿಂದ ಭಾಗಿಸಿ, ನಿಜವಾಗಿ ಬಂದ ಮಕ್ಕಳಿಗೆ ಆದ ಲಾಭ ಸುಮಾರು 30 ಅಂಶ ಎಂದು ಎರಡನೆಯ ಅಂಕಿಯನ್ನು ಕೊಡಬಹುದು. ಮೊದಲನೆಯದು ಯೋಜನೆ ನಡೆಸುವವರಿಗೆ ಬೇಕಾದ ಅಂಕಿ. ಎರಡನೆಯದು ಬೋಧನೆಯ ಶಕ್ತಿಯನ್ನು ತೋರಿಸುವ ಅಂಕಿ.

ಕೊನೆಯ ಪರೀಕ್ಷೆಗೆ ಸಿಗದ ಮಕ್ಕಳ ಬೆನ್ನು ಹತ್ತುವುದರಲ್ಲೇ ಮಾಪನದ ನಿಜವಾದ ಶ್ರಮವಿದೆ. ಶಾಲೆಯ ದಾಖಲೆಯಲ್ಲಿ ಪ್ರತಿ ಮಗುವಿಗಿರುವ ಗುರುತಿನ ಎಸ್‌ಎಟಿಎಸ್ ಸಂಖ್ಯೆ, ಪೋಷಕರ ಎರಡು ಫೋನ್ ಸಂಖ್ಯೆ, ಊರಿನಲ್ಲೇ ಉಳಿಯುವ ಒಬ್ಬ ಬಂಧುವಿನ ಹೆಸರು ಇವನ್ನು ಆರಂಭದಲ್ಲೇ ಪಡೆದಿರಿ. ಮೂರು ಸಲ ಮನೆಗೆ ಹೋಗಿಯೂ ಸಿಗದ ಮಕ್ಕಳ ಸಂಖ್ಯೆಯನ್ನು ಎರಡು ಗುಂಪುಗಳಿಗೂ ಬೇರೆ ಬೇರೆಯಾಗಿ ವರದಿ ಮಾಡಿ, ಅವರ ಆರಂಭದ ಮಟ್ಟ ಸಿಕ್ಕವರಿಗಿಂತ ಕಡಿಮೆಯಿತ್ತೇ ಎಂದು ತೋರಿಸಿ.

ಹೆಣ್ಣುಮಕ್ಕಳು ಮತ್ತು ಗಂಡುಮಕ್ಕಳು, ಆರಂಭದಲ್ಲಿ ಅಕ್ಷರವೂ ಬಾರದಿದ್ದವರು, ಮನೆಮಾತು ಬೇರೆಯಿರುವವರು ಇವರ ಅಂಕಿಗಳನ್ನು ಪ್ರತ್ಯೇಕವಾಗಿ ನೋಡುವುದು ಒಳ್ಳೆಯದೇ. ಸರಾಸರಿ ಏರಿದ್ದರೂ ಅತ್ಯಂತ ಹಿಂದುಳಿದ ಮಕ್ಕಳು ಇದ್ದಲ್ಲೇ ಇದ್ದರೆ ಅದು ಮುಂದಿನ ವರ್ಷದ ಬೋಧನೆಗೆ ಬೇಕಾದ ಮುಖ್ಯ ಸುದ್ದಿ. ಆದರೆ ಉಪಗುಂಪಿನಲ್ಲಿ ಇಪ್ಪತ್ತು ಮಕ್ಕಳೂ ಇಲ್ಲದಿದ್ದರೆ ಅದನ್ನು ತೀರ್ಮಾನವೆನ್ನದೆ ಸುಳಿವೆಂದು ಬರೆಯಿರಿ.

ಅಂಕಗಳಾಚೆಯ ಅಳತೆಗಳು

ಮಗುವಿನ ಆತ್ಮವಿಶ್ವಾಸವನ್ನು ಐದು ನಗುಮುಖಗಳ ಚಿತ್ರ ತೋರಿಸಿ ಅಳೆಯುವ ಪ್ರಶ್ನಾವಳಿಗಳಲ್ಲಿ ನನಗೆ ಹೆಚ್ಚು ನಂಬಿಕೆಯಿಲ್ಲ. ಪ್ರಶ್ನೆ ಕೇಳುವ ಶಿಬಿರದ ಅಕ್ಕನನ್ನು ಖುಷಿಪಡಿಸಲು ಮಕ್ಕಳು ಅತಿ ದೊಡ್ಡ ನಗುವನ್ನೇ ಆರಿಸುತ್ತಾರೆ. ಅದಕ್ಕಿಂತ ನಡವಳಿಕೆಯನ್ನು ನೋಡುವುದು ಲೇಸು. ಶಾಲೆ ತೆರೆದ ಮೊದಲ ವಾರ ಮಗು ಬಂದಿತೇ? 5ರಿಂದ 6ಕ್ಕೆ, 7ರಿಂದ 8ಕ್ಕೆ ಹೋಗುವ ಮಕ್ಕಳು ಹೊಸ ಶಾಲೆಗೆ ದಾಖಲಾದರೇ? ಶಾಲೆ ಬಿಡುವ ಮಕ್ಕಳು ಹೆಚ್ಚಾಗಿ ತಪ್ಪಿಹೋಗುವುದು ಈ ತಿರುವುಗಳಲ್ಲೇ, ಬೇಸಿಗೆ ಬರುವುದೂ ಸರಿಯಾಗಿ ಆ ನಡುವೆಯೇ. ಅರಿವು ಕೇಂದ್ರದ ಪುಸ್ತಕ ಎರವಲು ವಹಿಯಲ್ಲಿ ಜುಲೈ, ಆಗಸ್ಟ್ ತಿಂಗಳಲ್ಲಿ ಎರಡೂ ಗುಂಪಿನ ಎಷ್ಟು ಮಕ್ಕಳ ಹೆಸರಿದೆ ಎಂದು ಎಣಿಸಲು ಅರ್ಧ ದಿನ ಸಾಕು.

ಖರ್ಚು, ಒಪ್ಪಿಗೆ ಮತ್ತು ವರದಿ

ಶಿಬಿರದ ಒಟ್ಟು ಖರ್ಚಿನಲ್ಲಿ ಸ್ವಯಂಸೇವಕರ ದಿನಗಳು, ದಾನವಾಗಿ ಬಂದ ಅಕ್ಕಿ, ಉಚಿತವಾಗಿ ಸಿಕ್ಕ ಕೋಣೆ ಇವಕ್ಕೂ ಬೆಲೆ ಕಟ್ಟಿ ಸೇರಿಸಿ. ಮೇಲಿನ ಉದಾಹರಣೆಯಲ್ಲಿ ಒಟ್ಟು ಖರ್ಚು 1,80,000 ರೂಪಾಯಿ ಎಂದಾದರೆ ತಲಾ 3,000 ರೂಪಾಯಿ. ಶಿಬಿರದ ಕಾರಣದಿಂದ ಹೆಚ್ಚಾಗಿ ಓದಲು ಕಲಿತವರು 60ರ ಶೇ. 20, ಅಂದರೆ 12 ಮಕ್ಕಳು. ಆದ್ದರಿಂದ ಹೀಗೆ ಹೊಸದಾಗಿ ಓದಲು ಕಲಿತ ಒಂದು ಮಗುವಿಗೆ 15,000 ರೂಪಾಯಿ. ಎರಡು ವಿಧಾನಗಳನ್ನು ಹೋಲಿಸುವಾಗ ತಲಾ ಖರ್ಚಿಗಿಂತ ಈ ಎರಡನೆಯ ಅಂಕಿಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಪೋಷಕರ ಒಪ್ಪಿಗೆಯನ್ನು ಕನ್ನಡದಲ್ಲಿ ಓದಿ ಹೇಳಿ, ಅರ್ಥವಾಯಿತೇ ಎಂದು ಕೇಳಿ, ಬರಹದಲ್ಲಿ ಪಡೆಯಿರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರ ಮಾಹಿತಿಯನ್ನು ಬಳಸಲು ಪೋಷಕರ ದೃಢೀಕರಿಸಬಹುದಾದ ಒಪ್ಪಿಗೆಯನ್ನು ಕೇಳುತ್ತದೆ. ಕಾಯುವ ಪಟ್ಟಿಯ ಮಕ್ಕಳ ಪೋಷಕರಿಂದಲೂ ಅಷ್ಟೇ ಗೌರವದಿಂದ ಪಡೆಯಿರಿ. ಅವರ ಮಕ್ಕಳ ಸಮಯವನ್ನು ನೀವು ಏನೂ ಕೊಡದೆ ಪಡೆಯುತ್ತಿದ್ದೀರಿ. ಹೆಸರಿರುವ ಪಟ್ಟಿ ಒಂದು ಕಡೆ, ಸಂಕೇತ ಸಂಖ್ಯೆಯಿರುವ ಅಂಕಪಟ್ಟಿ ಇನ್ನೊಂದು ಕಡೆ ಇರಲಿ. ‘ಓದಲು ಬಾರದ ಮಕ್ಕಳು’ ಎಂಬ ಅಡಿಬರಹದೊಂದಿಗೆ ಮಕ್ಕಳ ಮುಖ ಕಾಣುವ ಫೋಟೊಗಳನ್ನು ಎಲ್ಲಿಯೂ ಹಾಕಬಾರದು.

ವರದಿಯನ್ನು ದಾನಿಗಳಿಗೆ ಕಳಿಸುವ ಮೊದಲು ಒಂದು ಪುಟದ ಸಾರವನ್ನು ಶಾಲೆಗೆ ಕೊಡಿ. ಎರಡೂ ಗುಂಪಿನ ಪ್ರತಿ ಮಗುವಿನ ಹೆಸರಿನ ಮುಂದೆ ಅದು ಯಾವ ಮೆಟ್ಟಿಲಿನಲ್ಲಿದೆ, ಗುಣಿತಾಕ್ಷರದಲ್ಲಿ ತಡೆಯುತ್ತಿದೆಯೇ ಒತ್ತಕ್ಷರದಲ್ಲಿಯೇ ಎಂದು ಬರೆದ ಪಟ್ಟಿ, ಪೋಷಕರ ಒಪ್ಪಿಗೆಯಿದ್ದರೆ, ಸೇತುಬಂಧ ಮುಗಿಯುವ ಮೊದಲೇ ತರಗತಿಯ ಶಿಕ್ಷಕರ ಕೈ ಸೇರಬೇಕು. ಜೂನ್ ಹತ್ತರ ಒಳಗೆ ಸಿಕ್ಕಿದರೆ ಅವರು ಆ ತಿಂಗಳಲ್ಲೇ ಅದನ್ನು ಬಳಸುತ್ತಾರೆ.